ಸಿಹಿ ಬಂತಾ ಅಕ್ಕಾ?

ತಲೆಯ ಮೇಲೆ ಪ್ಲಾಸ್ಟಿಕ್ ಮುಸುಕು, ಅದರೊಳಗೆ ದಿನವೂ ಕೆಲಸಕ್ಕೆ ಹಾಕುವ ಮಾಸ್ಕು. ಹಾಗೆ ಕೂತಿದ್ದ ಬಸ್ ಡಿಪೋದ ಮೆಕ್ಯಾನಿಕ್ ಅಕ್ಕನ ನಾಲಿಗೆಗೆ ಸಿಹಿ ತಾಗಿಯೇ ಬಿಟ್ಟಿತು. ಮಾಸ್ಕು ಪರೀಕ್ಷಿಸಲು ಬಂದ ಹುಡುಗಿ ಮುಸುಕಿನೊಳಗೆ ಸಿಹಿನೀರು ಸಿಂಪಡಿಸುವ ಮೊದಲೇ ಎಚ್ಚರಿಸಿದ್ದಳು: ಮಾಸ್ಕಿನೊಳಗೆ ಸಿಹಿ ನುಸುಳಿದರೆ ಡೀಸೆಲ್ ಹೊಗೆಯ ಮಸಿಯೂ ನುಸುಳುತ್ತದೆ.

"ಸಿಹಿ ಬಂತಾ ಅಕ್ಕಾ?"

"ಇಲ್ಲಮ್ಮ," ಎಂದಳು ಅಕ್ಕ. ಫೇಲಾದರೆ ಎಂಜಿನ್ ಕೆಲಸ ಬಿಡಿಸಿ ಟಿಕೆಟ್ ಕೌಂಟರಿನಲ್ಲಿ ಕೂರಿಸುತ್ತಾರೆಂಬ ಭಯ ಅವಳಿಗೆ. ಆದರೆ ಮಾಸ್ಕಿನೊಳಗಿಂದ ಚಪ್ಪರಿಸಿದ ಸದ್ದು ಶೆಡ್ಡಿನಲ್ಲಿದ್ದ ಎಲ್ಲರಿಗೂ ಕೇಳಿಸಿತು.

ಹುಡುಗಿ ಕಿಸಕ್ಕನೆ ನಕ್ಕಳು. "ಮತ್ತೆ ಚಪ್ಪರಿಸಿದ್ದು ಯಾರು? ಫೇಲಾಗಿದ್ದು ನೀವಲ್ಲ ಅಕ್ಕಾ, ಮಾಸ್ಕು. ನಿಮ್ಮ ಪುಟ್ಟ ಮುಖಕ್ಕೆ ಇದು ದೊಡ್ಡದಾಯ್ತು, ಗಲ್ಲದ ಹತ್ರ ಸಂದಿ ಬಿಟ್ಟಿದೆ."

"ಅಂದ್ರೆ ಇಷ್ಟು ವರ್ಷ ಮಾಸ್ಕು ಹಾಕ್ಕೊಂಡೇ ಹೊಗೆ ಕುಡಿದೆನಾ?" ಅಕ್ಕನ ಮುಖ ಸಣ್ಣದಾಯಿತು.

ಹುಡುಗಿ ಅವಳಿಗೆ ನೀರು ಕೊಟ್ಟು ಬಾಯಿ ಮುಕ್ಕಳಿಸಲು ಹೇಳಿ, ಚಿಕ್ಕ ಅಳತೆಯ ಮಾಸ್ಕು ತೊಡಿಸಿ, ಕೆನ್ನೆಗೆ ಒತ್ತಿ ಕೂರಿಸಿ, ಮತ್ತೆ ಮುಸುಕು ಹಾಕಿ ಸಿಹಿನೀರು ಸಿಂಪಡಿಸಿದಳು. ಸ್ಪ್ಯಾನರ್ ಬಿಟ್ಟು ಬಂದ ಜೊತೆಗಾರರು ಸುತ್ತ ಮುತ್ತಿಕೊಂಡರು. ಅಕ್ಕ ತಲೆಯನ್ನು ಅತ್ತಿತ್ತ ತಿರುಗಿಸಿದಳು, ಎದೆ ತುಂಬ ಉಸಿರೆಳೆದಳು, ನಾಲಿಗೆಯಿಂದ ತುಟಿಯೆಲ್ಲ ತಡಕಿದಳು.

"ಏನಾದ್ರೂ ಗೊತ್ತಾಗ್ತಿದೆಯಾ?"

"ಸಪ್ಪೆ ಕಣೇ! ಶುದ್ಧ ಸಪ್ಪೆ!" ಎಂದು ಅಕ್ಕ ಕೂಗಿದ ಜೋರಿಗೆ ಇಡೀ ಶೆಡ್ಡು ಚಪ್ಪಾಳೆ ತಟ್ಟಿತು.