ಕಾರ್ಡು ಕೊಂಡುಹೋದ ಪಾರ್ಟಿ

ಸೊಸೆ ಮದರ್‌ಬೋರ್ಡಿನ ಡಬ್ಬವನ್ನು ಕಂಬಳಿಗಳ ನಡುವೆ ತುರುಕುತ್ತಿದ್ದಾಗಲೇ ಬೆನ್ನ ಹಿಂದೆ ಅತ್ತೆಯ ದನಿ ಕೇಳಿತು.

“ಅದೇನಮ್ಮ ಅದು?”

“ಮಿಕ್ಸಿದು ಅತ್ತೆ. ಸ್ಪೇರ್ ಪಾರ್ಟು.”

ಅತ್ತೆ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ ಡಬ್ಬವನ್ನೊಮ್ಮೆ ನೋಡಿದರು. “ಉಣ್ಣೆ ಹತ್ತಿರ ಇಡಬೇಡ. ಕಂಬಳೀಲಿ ಕರೆಂಟು ಕೂತಿರುತ್ತೆ, ಸುಟ್ಟುಹೋದೀತು,” ಎಂದು ಹೇಳಿ ಹೊರಟುಹೋದರು.

ಸೊಸೆಗೆ ಹೋದ ಜೀವ ಬಂದಂತಾಯಿತು. ಅತ್ತೆ ಮೂವತ್ತು ವರ್ಷ ರೇಡಿಯೊ ಕಾರ್ಖಾನೆಯಲ್ಲಿ ಬೆಸುಗೆ ಹಾಕಿ ನಿವೃತ್ತರಾದವರು. ಮನೆಯ ಇಸ್ತ್ರಿಪೆಟ್ಟಿಗೆಗೂ ಬುದ್ಧಿ ಹೇಳದೆ ಬಿಡುವವರಲ್ಲ.

ಹಗಲು ಕ್ಲಿನಿಕ್ಕಿನಲ್ಲಿ ರೋಗಿಗಳ ರಕ್ತ ತೆಗೆಯುವ ಈ ಸೊಸೆ, ಸಂಜೆ ಹಳೆಯ ಲ್ಯಾಪ್‌ಟಾಪಿನ ಮುಂದೆ ಕೂತರೆ ಆನ್‌ಲೈನ್ ಗೇಮೊಂದರ ನಾಲ್ವರ ತಂಡದ ಬಂದೂಕುಗಾರ್ತಿ. ಗುರಿ ತಪ್ಪಿದವಳಲ್ಲ. ತಪ್ಪುತ್ತಿದ್ದುದು ಲ್ಯಾಪ್‌ಟಾಪು. ಶತ್ರು ಎದುರಿಗೆ ಬಂದ ಹೊತ್ತಿಗೆ ಸರಿಯಾಗಿ ಅದು ಕಲ್ಲಾಗಿ ಕೂರುತ್ತಿತ್ತು. “ಅಕ್ಕಾ, ಪಂದ್ಯ ಮುಂದಿನ ತಿಂಗಳಿದೆ. ಹೊಸ ಮಷಿನ್ ಇಲ್ಲದಿದ್ದರೆ ನಿಮ್ಮ ಜಾಗಕ್ಕೆ ಬೇರೆಯವರನ್ನ ಹಾಕ್ಕೋತೀವಿ, ಬೇಜಾರಾಗಬೇಡಿ,” ಎಂದಿದ್ದಳು ತಂಡದ ನಾಯಕಿ.

ಅತ್ತೆ ಆ ಆಟವನ್ನು ನೋಡಿದ್ದು ಒಂದೇ ಒಂದು ಸಲ. ಬಾಗಿಲಲ್ಲಿ ನಿಂತು ಐದು ನಿಮಿಷ ನೋಡಿ, “ಈ ಡಬ್ಬದಲ್ಲಿ ಆಡೋದೂ ಒಂದು ಆಟವೇನಮ್ಮ?” ಎಂದು ಮುಖ ಸಿಂಡರಿಸಿದ್ದರು. ಅಂದಿನಿಂದ ಸೊಸೆ ಅವರೆದುರು ಗೇಮಿನ ಸುದ್ದಿಯೇ ಎತ್ತಿರಲಿಲ್ಲ. ರೈಲಿನ ಗಾರ್ಡ್ ಆಗಿದ್ದ ಗಂಡ ವಾರಕ್ಕೆರಡು ದಿನ ಮನೆಯಲ್ಲಿರುತ್ತಿದ್ದ. ಅವನಿಗೂ ಹೇಳಿರಲಿಲ್ಲ. ಅವನ ಬಾಯಲ್ಲಿ ಗುಟ್ಟು ಚಹಾ ಕುಡಿಯುವಷ್ಟು ಹೊತ್ತೂ ನಿಲ್ಲುತ್ತಿರಲಿಲ್ಲ.

ಹೀಗಾಗಿ ಕಂಪ್ಯೂಟರ್ ಬಿಡಿಬಿಡಿಯಾಗಿ ಮನೆ ಸೇರತೊಡಗಿತು. ಪ್ರೊಸೆಸರು ಊಟದ ಡಬ್ಬಿಯಲ್ಲಿ ಬಂತು. ಮೆಮೊರಿ ಕೊಡೆಯ ಮಡಿಕೆಯಲ್ಲಿ ಬಂತು. ಒಂದೊಂದು ಬಂದಾಗಲೂ ಸೊಸೆ ಬಚ್ಚಲುಮನೆಗೆ ಹೋಗಿ, ನಲ್ಲಿ ತಿರುಗಿಸಿ, ಸದ್ದಾಗದಂತೆ ಕುಣಿದು ಬರುತ್ತಿದ್ದಳು.

ಉಳಿದವುಗಳಲ್ಲಿ ಮುಖ್ಯವಾದದ್ದು, ಆಟದ ಚಿತ್ರ ತಡವರಿಸದಂತೆ ಓಡಿಸುವ ಗ್ರಾಫಿಕ್ಸ್ ಕಾರ್ಡು. ಹೊಸದು ಕೈಗೆಟುಕುವ ಮಾತಲ್ಲ. ಆದರೆ ಅಂಗಡಿಯ ಗಾಜಿನ ಕಪಾಟಿನಲ್ಲಿ ಯಾರೋ ಬಳಸಿ ಮಾರಿದ್ದ ಎರಡು ಫ್ಯಾನಿನ ಒಂದು ಕಾರ್ಡು ಅವಳಿಗಾಗಿಯೇ ಕಾದಿತ್ತು. ಸಂಬಳದ ದಿನ ಓಡುತ್ತಾ ಹೋದರೆ ಕಪಾಟು ಖಾಲಿ.

“ಬೆಳಿಗ್ಗೆ ಒಂದು ಪಾರ್ಟಿ ತಗೊಂಡು ಹೋದ್ರು ಮೇಡಂ,” ಎಂದ ಅಂಗಡಿಯವನು.

“ಯಾವ ಪಾರ್ಟಿ?”

“ನಿಮ್ಮ ಹಾಗೇ, ಬಿಡಿಬಿಡಿಯಾಗಿ ಕೊಳ್ಳೋ ಪಾರ್ಟಿ. ಪವರ್ ಸಪ್ಲೈ, ಕ್ಯಾಬಿನೆಟ್ಟು ಆಗಲೇ ತಗೊಂಡಿದ್ದಾರೆ. ಭಾರಿ ಚೌಕಾಸಿ. ಕಾರ್ಡನ್ನ ಬಿಚ್ಚಿಸಿ, ಬೆಸುಗೆ ಎಲ್ಲಾದರೂ ಬಿಟ್ಟಿದೆಯಾ ಅಂತ ಒಂದೊಂದು ಚುಕ್ಕೇನೂ ನೋಡಿದ್ರು.”

ಸೊಸೆಯ ಕಣ್ಣಿಗೆ ಆ ಪಾರ್ಟಿ ಕಟ್ಟಿದಂತೆ ಕಂಡಿತು. ಬಣ್ಣ ಹಚ್ಚಿದ ಜುಟ್ಟು, ಕೊರಳಿಗೆ ನೇತುಬಿದ್ದ ಹೆಡ್‌ಫೋನು, ಅಪ್ಪನ ದುಡ್ಡು. ಮನೆಗೆ ಬರುವ ದಾರಿಯುದ್ದಕ್ಕೂ ಅವಳು ಆ ಜುಟ್ಟನ್ನು ಮನಸ್ಸಿನಲ್ಲೇ ಬೋಳಿಸಿದಳು.

ಮನೆಯಲ್ಲಿ ಅತ್ತೆಯ ಮುಖವೂ ಊದಿಕೊಂಡಿತ್ತು. “ಬೇಕಾದ್ದು ಬೇಕಾದಾಗ ಸಿಗಲ್ಲ ಕಣಮ್ಮ. ಯಾರೋ ಮೊದಲೇ ಎತ್ಕೊಂಡು ಹೋಗಿರ್ತಾರೆ,” ಎಂದರು. ಮಾರುಕಟ್ಟೆಯ ಸೊಪ್ಪಿನ ಮಾತಿರಬೇಕೆಂದು ಸೊಸೆ ತಲೆಯಾಡಿಸಿದಳು.

ನಾಲ್ಕನೆಯ ದಿನ ಅಂಗಡಿಯವನೇ ಫೋನ್ ಮಾಡಿದ. “ಮೇಡಂ, ಆ ಪಾರ್ಟಿಯೂ ನಿಮ್ಮಿಂದ ಸಿಕ್ಕಿಹಾಕ್ಕೊಂಡಿದ್ದಾರೆ. ಅವರ ಬಜೆಟ್ಟಿಗೆ ಹೊಂದೋ ಬೋರ್ಡು, ಪ್ರೊಸೆಸರ್ ಇದ್ದದ್ದು ಒಂದೇ ಜೋಡಿ, ಅದನ್ನ ನೀವು ಒಯ್ದಿದ್ದೀರಿ. ಅವರ ಹತ್ತಿರ ಅರ್ಧ, ನಿಮ್ಮ ಹತ್ತಿರ ಅರ್ಧ. ಭಾನುವಾರ ಹನ್ನೊಂದಕ್ಕೆ ಇಬ್ಬರೂ ಬಂದು ಮಾತಾಡ್ಕೊಳ್ಳಿ. ಒಬ್ಬರು ಇನ್ನೊಬ್ಬರಿಗೆ ಮಾರಿಬಿಡಿ.”

ಮಾರುವುದೆ? ಪಂದ್ಯಕ್ಕೆ ಆರೇ ದಿನವಿತ್ತು. ಸೊಸೆ ಕನ್ನಡಿಯ ಮುಂದೆ ನಿಂತು ವಾದ ಅಭ್ಯಾಸ ಮಾಡಿದಳು. ಮೊದಲು ನಯವಾಗಿ. ಆಮೇಲೆ ಸೂಜಿ ಹಿಡಿದಾಗಿನ ದನಿಯಲ್ಲಿ. ಆ ದನಿಗೆ ದೊಡ್ಡ ದೊಡ್ಡ ಮೀಸೆಯವರೂ ತೆಪ್ಪಗೆ ತೋಳು ಚಾಚುತ್ತಿದ್ದರು.

ಭಾನುವಾರ ಅದೃಷ್ಟ ಅವಳ ಕಡೆಗಿತ್ತು. ಹತ್ತು ಗಂಟೆಗೇ ಅತ್ತೆ ಒಳ್ಳೆಯ ಸೀರೆಯುಟ್ಟು, ದೊಡ್ಡ ಚೀಲ ತಗುಲಿಸಿಕೊಂಡು, “ಕಣ್ಣಿನ ಡಾಕ್ಟರ ಹತ್ತಿರ ಹೋಗಿಬರ್ತೀನಿ, ತಡವಾಗುತ್ತೆ,” ಎಂದು ಹೊರಟರು. ಸುಳ್ಳು ಹೇಳುವ ಶ್ರಮವೂ ತಪ್ಪಿತೆಂದು ಸೊಸೆ ಈ ಸಲ ನಡುಮನೆಯಲ್ಲೇ ಕುಣಿದಳು. ಬೋರ್ಡನ್ನು ಬಗಲಿಗೆ ಹಾಕಿಕೊಂಡು ಓಟ ಕಿತ್ತಳು.

ಅಂಗಡಿಯವನು ಬಾಗಿಲಲ್ಲೇ ಪಿಸುಗುಟ್ಟಿದ: “ಒಳಗಿದ್ದಾರೆ. ಒಂದು ರೂಪಾಯೀನೂ ಬಿಡೋ ಪಾರ್ಟಿ ಅಲ್ಲ, ಹುಷಾರು.”

ಕೇಬಲ್‌ಗಳ ಜೋಲಿಗಳ ಆಚೆ, ಸ್ಟೂಲಿನ ಮೇಲೆ ಯಾರೋ ಬೆನ್ನು ಹಾಕಿ ಕೂತು ಕಾರ್ಡನ್ನು ಬೆಳಕಿಗೆ ಹಿಡಿದಿದ್ದರು. ಸೊಸೆ ಗಂಟಲು ಸರಿಮಾಡಿಕೊಂಡು ಸೂಜಿಯ ದನಿ ತೆಗೆದಳು: “ನೋಡಿ, ಆ ಕಾರ್ಡಿಲ್ಲದೆ ನಾನು ಇಲ್ಲಿಂದ ಕದಲೋದಿಲ್ಲ.”

“ಕದಲು ಅಂದವರು ಯಾರು? ಬೋರ್ಡು ನಿಂದು, ಕಾರ್ಡು ನಂದು, ನೀನು ಕೆಲಸಕ್ಕೆ ಹೋದಾಗ ನಾನು ಆಡ್ತೀನಿ, ಬಂದ ಮೇಲೆ ನೀನು ಆಡ್ಕೊ, ನನ್ನ ಮಗನ ಕಿವಿಗೆ ಮಾತ್ರ ಹಾಕಬೇಡ,” ಎಂದರು, ಸ್ಟೂಲಿನ ಮೇಲೆ ತಿರುಗಿ ಕೂತ ಅತ್ತೆ.