ಎರಡು ಬುಟ್ಟಿ

ಟೊಮೆಟೊ ಬೀಜದ ಪೊಟ್ಟಣವನ್ನು ಸಿಗ್ನೆ ಮತ್ತೊಮ್ಮೆ ಬೀಜದಂಗಡಿಯ ವೆಬ್‌ಸೈಟಿನ ಬುಟ್ಟಿಗೆ ಹಾಕಿ ಪರೀಕ್ಷಿಸಿದಳು. ಹಣ ಕಟ್ಟುವ ಪುಟಕ್ಕೆ ಹೋಗುವಷ್ಟರಲ್ಲಿ ಬುಟ್ಟಿ ಮತ್ತೆ ಖಾಲಿ. ಕಿಟಕಿಯಾಚೆ ಡುಲೂತ್ ಊರಿನ ಸರೋವರ ಮಂಜಿನಲ್ಲಿ ಕರಗಿತ್ತು. ಬೀಜಗಳೂ ಅಲ್ಲೇ ಎಲ್ಲೋ ತೇಲುತ್ತಿವೆ ಅನ್ನಿಸಿತು. ನಾಳೆ ಬೆಳಿಗ್ಗೆಯಿಂದಲೇ ವಸಂತದ ಮಾರಾಟ.

"ಕಳೆದುಹೋಗಿಲ್ಲ ಕಣ್ರೀ ವೆಂಡೆಲ್, ಬುಟ್ಟಿನೇ ಎರಡಿದೆ," ಎಂದಳು ಪಕ್ಕದಲ್ಲಿ ಕೂತಿದ್ದ ಹಿರಿಯ ಸಹೋದ್ಯೋಗಿಗೆ. "ಅಂಗಡಿ ಪುಟಕ್ಕೆ ಬೇಕಾದ್ದನ್ನೆಲ್ಲ ನೀವು ಕೋಡಲ್ಲಿ ಕಟ್ಟಿದ ಹಳೇ ಫ್ರೇಮ್‌ವರ್ಕ್ ಮಾಡಿಕೊಡುತ್ತೆ, ಹಣದ ಪುಟಕ್ಕೆ ನನ್ನ ಹೊಸದು. ಇರೋದೊಂದೇ ಬುಟ್ಟಿ, ಅದೂ ತಾನು ಮಾಡಿದ್ದೇ ಅಂತ ಎರಡೂ ನಂಬ್ಕೊಂಡು ಕೂತಿವೆ. ಒಂದು ಇನ್ನೊಂದನ್ನ ಕೇಳಿ ತಗೊಂಡ್ರೆ ಮುಗೀತು."

"ಯಾವುದು ಯಾವುದನ್ನ ಕೇಳ್ಬೇಕು?"

ಸಿಗ್ನೆ ಉಗುರು ಕಚ್ಚಿದಳು. ವೆಂಡೆಲ್ ಕಟ್ಟಿದ್ದು ಇಷ್ಟು ವರ್ಷ ಯಾರನ್ನೂ ಏನನ್ನೂ ಕೇಳಿರಲಿಲ್ಲ, ವೆಂಡೆಲನೂ ಅಷ್ಟೆ. ಅವನು ಕಾಫಿ ಲೋಟ ಕೆಳಗಿಟ್ಟು ಕೀಬೋರ್ಡನ್ನು ತನ್ನತ್ತ ಎಳೆದುಕೊಂಡ. 'ಬುಟ್ಟಿ ಮಾಡು' ಎಂದಿದ್ದ ತನ್ನ ಹಳೆಯ ಸಾಲನ್ನು ಒಂದೊಂದೇ ಅಕ್ಷರವಾಗಿ ಅಳಿಸಿ, 'ಸಿಗ್ನೆಯದನ್ನು ಕೇಳು' ಎಂಬರ್ಥದ ಸಾಲು ಬರೆದ.

ಸಿಗ್ನೆ ಪೊಟ್ಟಣವನ್ನು ಇನ್ನೊಮ್ಮೆ ಹಾಕಿ ನೋಡಿದಳು. ಹಣದ ಪುಟ ತೆರೆಯಿತು. ಬುಟ್ಟಿಯಲ್ಲಿ, ಮಂಜಿನಿಂದ ಎದ್ದುಬಂದ ಹಾಗೆ, ಕೆಂಪು ಪೊಟ್ಟಣ.

"ಸಿಗ್ನೆ," ಎಂದ ವೆಂಡೆಲ್, ಪರದೆಯಿಂದ ಕಣ್ಣು ಕೀಳದೆ, "ನಿನ್ನನ್ನ ಇನ್ನೂ ಏನೇನು ಕೇಳ್ಬೇಕಿತ್ತು ನಾನು?"