ತೋಟದ ಮೋಟರಿನ ತಂತಿ

ಕಡೂರಿನ ಮೋಟರ್ ವೈಂಡಿಂಗ್ ಅಂಗಡಿಯ ಮುಂದೆ ವಾರ್ನಿಷ್ ವಾಸನೆ ಬಂದರೆ ಈಗಲೂ ನನಗೆ ಮೈಯೆಲ್ಲ ಉರಿಯುತ್ತದೆ.

ಅವತ್ತು ಮಧ್ಯಾಹ್ನ ಚೌಳಹಿರಿಯೂರಿನ ನಮ್ಮ ಪಡಸಾಲೆಯಲ್ಲೂ ಅದೇ ವಾಸನೆ. ಪುಕ್ಕಟೆ ಕರೆಂಟು ಹುಟ್ಟಿಸುತ್ತೇನೆಂದು ಅಪ್ಪ ತೋಟದ ಮೋಟರು ಬಿಚ್ಚಿ, ಅದರ ತಾಮ್ರದ ತಂತಿಯನ್ನೆಲ್ಲ ಕಾಯಿಲ್ ಸುತ್ತಿ, ವಾರ್ನಿಷ್ ಬಳಿದು, ಆಯಸ್ಕಾಂತ ಅಂಟಿಸಿದ ಸೈಕಲ್ ಚಕ್ರದ ಪಕ್ಕ ಕೂರಿಸಿದ್ದರು. ಮೋಟರಿಲ್ಲದೆ ಬಾಡುತ್ತಿದ್ದ ತೆಂಗಿನ ಸಸಿಗಳಿಗೆ ಅಮ್ಮ ಕೆರೆಯಿಂದ ನೀರು ಹೊರುತ್ತಿದ್ದಳು.

ಅಪ್ಪ ಬ್ಯಾಟರಿ ಮುಟ್ಟಿಸಿದರು. ಚಕ್ರ ತಿರುಗಿತು, ಕಾಯಿಲಿಗೆ ಸಿಕ್ಕಿಸಿದ್ದ ಪುಟ್ಟ ಬಲ್ಬು ಹತ್ತಿತು. ಅವರ ಗೆಳೆಯ ಸಿದ್ದಣ್ಣ ಚಪ್ಪಾಳೆ ಹೊಡೆದ. "ಇನ್ಮೇಲೆ ಬಿಲ್ಲೇ ಕಟ್ಟಂಗಿಲ್ಲ ಕಣೋ!"

ನೀರು ಹೊತ್ತು ಬಾಗಿಲಿಗೆ ಬಂದಿದ್ದ ಅಮ್ಮ ಕೊಡ ಇಳಿಸಿದಳು. "ಬ್ಯಾಟ್ರಿ ತೆಗೀರಿ."

"ಶುರು ಮಾಡಕ್ಕೆ ಬೇಕಲ್ವೇನೇ?"

"ಶುರುವಾಯ್ತಲ್ಲ. ಈಗ ತೆಗೀರಿ."

ಅಪ್ಪ ತೆಗೆದರು. ಬಲ್ಬು ಆರಿತು, ಚಕ್ರ ನಿಂತಿತು.

"ತಂತಿ ಸಾಲ್ದು ಕಣೋ" ಎಂದ ಸಿದ್ದಣ್ಣ. ಇಬ್ಬರೂ ತಲೆಯೆತ್ತಿ ಫ್ಯಾನು ನೋಡಿದರು. ಅದರ ಕೆಳಗೆ ಕಾಯಿಲೆಯ ಅಜ್ಜಿ ಮಲಗಿದ್ದಳು.

"ನಾನ್ ಸತ್ಮೇಲೆ ಬಿಚ್ಕಳ್ರಪ್ಪಾ" ಎಂದಳು ಅಜ್ಜಿ.

"ನಾಕು ದಿನ ಸೆಕೆ ತಡ್ಕಳವ್ವಾ." ಅಪ್ಪ ಸ್ಟೂಲು ಹತ್ತಿಬಿಟ್ಟರು. "ಲೇ ಪುಟ್ಟಿ, ಸ್ವಿಚ್ ಆಫ್ ಮಾಡೇ."

ನಾನು ಸ್ವಿಚ್ ಬೋರ್ಡಿಗೆ ಬೆನ್ನು ಒತ್ತಿ ನಿಂತೆ. ಅಪ್ಪ ಮತ್ತೆ ಕೂಗಿದರು. ಅಮ್ಮ ಒದ್ದೆ ಸೀರೆಯಲ್ಲೇ ಬಂದು ನನ್ನ ಮುಂದೆ ನಿಂತುಕೊಂಡಳು.